ನಿಂತ ರೈಲಿನ ದೀಪ

ಮಕ್ಕಳೇ, ರಾತ್ರಿ ಹೊತ್ತು ರೈಲು ಹೋಗುವುದನ್ನು ದೂರದಿಂದ ನೋಡಿದ್ದೀರಾ? ಗಾಲಿ ಕಾಣುವುದಿಲ್ಲ, ಹಳಿ ಕಾಣುವುದಿಲ್ಲ. ಕತ್ತಲಿನಲ್ಲಿ ಬೆಳಕಿನ ಕಿಟಕಿಗಳ ಒಂದು ಸಾಲು ಮಾತ್ರ ಸರಿದುಹೋಗುತ್ತದೆ. ನಮ್ಮ ಕ್ಯಾತ್ಸಂದ್ರದಲ್ಲಿ ಬೆಳೆದವರಿಗೆ ಇದು ದಿನನಿತ್ಯದ ನೋಟ. ಬೆಂಗಳೂರಿನ ಕಡೆಯಿಂದ ಬರುವ ರೈಲಿಗೆ ತುಮಕೂರಿಗಿಂತ ಮುಂಚಿನ ನಿಲ್ದಾಣ ನಮ್ಮದು. ಈ ಕಿಟಕಿಗಳ ಬೆಳಕು ಎಲ್ಲಿಂದ ಬರುತ್ತದೆ? ರೈಲು ಓಡುವಾಗ ಸರಿ, ನಿಂತಾಗಲೂ ಹೇಗೆ ಉರಿಯುತ್ತಲೇ ಇರುತ್ತದೆ? ಈ ಪ್ರಶ್ನೆ ನಮ್ಮ ಮನೆಯಲ್ಲಿ ಮೂರು ತಿಂಗಳು ಕೆಲಸ ಕೊಟ್ಟಿತು. ಅದೂ ಗೇಣುದ್ದದ ಒಂದು ರಟ್ಟಿನ ಬೋಗಿಯಿಂದಾಗಿ.

ನಮ್ಮಪ್ಪ ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎಂಜಿನ್ ಓಡಿಸುತ್ತಿರಲಿಲ್ಲ, ಟಿಕೆಟ್ಟೂ ಕೊಡುತ್ತಿರಲಿಲ್ಲ. ಅವರದು ‘ಟ್ರೈನ್ ಲೈಟಿಂಗ್’ ವಿಭಾಗ. ಅಂದರೆ ಬೋಗಿಯ ದೀಪ, ಫ್ಯಾನು, ಬ್ಯಾಟರಿ ನೋಡಿಕೊಳ್ಳುವ ಕೆಲಸ. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಬೆಂಗಳೂರಿಗೆ ಹೋಗಿ, ದಿನವೆಲ್ಲ ಬೋಗಿಗಳ ಅಡಿಯಲ್ಲಿ ನುಸುಳಿ, ರಾತ್ರಿ ಅದೇ ದಾರಿಯಲ್ಲಿ ಮರಳುತ್ತಿದ್ದರು. ಈಗ ಅವರಿಗೆ ಎಂಬತ್ತು ದಾಟಿದೆ. ಮಂಡಿ ನೋವಿನಿಂದ ಎರಡು ವರ್ಷವಾಯಿತು, ನಿಲ್ದಾಣದ ಕಡೆ ಹೋಗಿಲ್ಲ. ಅಮ್ಮ ತೀರಿಕೊಂಡ ಮೇಲಂತೂ ಮಾತೂ ಕಡಿಮೆ. ಊಟ ಆಯಿತಾ ಎಂದರೆ ‘ಹೂಂ’, ಮಾತ್ರೆ ತಗೊಂಡೆಯಾ ಎಂದರೆ ‘ಹೂಂ’.

ಅಣ್ಣನ ಮಗಳು ಆರನೇ ತರಗತಿ. ತಾತನ ಮುಂದೆ ಒಂದು ರೈಲು ಓಡಿಸಬೇಕು ಎಂಬುದು ಅವಳ ಯೋಚನೆ. ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ನಾನು ಕೊಂಡಿದ್ದ ಒಂದು ಪುಟಾಣಿ ರೈಲಿನ ಸೆಟ್ಟು ಅಟ್ಟದ ಮೇಲಿತ್ತು. ಒಂದು ಎಂಜಿನ್, ಒಂದು ಸುತ್ತಿನ ಹಳಿ, ವೇಗ ಹೆಚ್ಚುಕಡಿಮೆ ಮಾಡುವ ಒಂದು ಪೆಟ್ಟಿಗೆ. ಬೋಗಿಗಳ ಗಾಲಿಗಳಷ್ಟೇ ಉಳಿದಿದ್ದವು. ಮೇಲಿನ ಬೋಗಿಯನ್ನು ನಾವೇ ಮಾಡುವುದೆಂದು ತೀರ್ಮಾನವಾಯಿತು.

ಇಂಥ ಮಾದರಿ ರೈಲುಗಳಲ್ಲಿ ಬಹಳ ಬಳಕೆಯಲ್ಲಿರುವ ಅಳತೆಯೆಂದರೆ 87ಕ್ಕೆ 1. ನಿಜವಾದ ರೈಲಿನ 87 ಮೀಟರ್ ಇಲ್ಲಿ 1 ಮೀಟರ್ ಆಗುತ್ತದೆ. ಚೆನ್ನೈನ ಪೆರಂಬೂರಿನ ಕಾರ್ಖಾನೆ 1955ರಿಂದ 2018ರವರೆಗೆ ತಯಾರಿಸಿದ, ನೀವೆಲ್ಲ ಕಂಡಿರುವ ಆ ಹಳೆಯ ಮಾದರಿಯ ಬೋಗಿಯ ಉದ್ದ 21 ಮೀಟರಿಗೆ ಸ್ವಲ್ಪ ಹೆಚ್ಚು, ಅಗಲ ಸುಮಾರು ಮೂರೂಕಾಲು ಮೀಟರ್. 87ರಿಂದ ಭಾಗಿಸಿ ನೋಡಿ. ಉದ್ದ 24.5 ಸೆಂ.ಮೀ., ಅಗಲ 37 ಮಿ.ಮೀ. ಬರುತ್ತದೆ. ಲಗ್ನಪತ್ರಿಕೆಗಳ ದಪ್ಪ ಕಾಗದ ಕತ್ತರಿಸಿ, ಕಿಟಕಿಗೆ ಪಾರದರ್ಶಕ ಹಾಳೆ ಅಂಟಿಸಿ, ಕಿಟಕಿಯ ಕಂಬಿಗಳನ್ನು ಕಪ್ಪು ಪೆನ್ನಿನಲ್ಲಿ ಎಳೆದು ಬೋಗಿ ಸಿದ್ಧಮಾಡಿದೆವು. ಬಣ್ಣ ನೀಲಿಯೋ ಕೆಂಪೋ ಎಂದು ತಾತನನ್ನು ಕೇಳಿದರೆ ಒಂದೇ ಮಾತು: “ಕೆಂಪು. ಇಟ್ಟಿಗೆ ಕೆಂಪು.” ಅವರು ಹೆಚ್ಚು ಕಾಲ ದುಡಿದ ಬೋಗಿಗಳ ಬಣ್ಣ ಅದು.

ಇನ್ನು ದೀಪ. ಈ ಆಟದ ರೈಲಿಗೆ ವಿದ್ಯುತ್ತು ಹಳಿಯಿಂದಲೇ ಬರುತ್ತದೆ. ಎರಡು ಹಳಿಗಳಲ್ಲಿ ಒಂದು ಧನ, ಇನ್ನೊಂದು ಋಣ. ಗಾಲಿಗಳು ಆ ವಿದ್ಯುತ್ತನ್ನು ಎತ್ತಿಕೊಂಡು ಎಂಜಿನ್ನಿನೊಳಗಿನ ಮೋಟಾರಿಗೆ ಕೊಡುತ್ತವೆ. ಪೆಟ್ಟಿಗೆಯ ಗುಂಡಿ ತಿರುಗಿಸಿದರೆ ವೋಲ್ಟೇಜು ಸೊನ್ನೆಯಿಂದ 12 ವೋಲ್ಟಿನವರೆಗೆ ಏರುತ್ತದೆ. ವೋಲ್ಟೇಜು ಹೆಚ್ಚಿದಷ್ಟೂ ವೇಗ ಹೆಚ್ಚು. ಹಿಂದಕ್ಕೆ ಓಡಬೇಕೆಂದರೆ ಧನ-ಋಣ ಅದಲುಬದಲಾಗುತ್ತದೆ, ಅಷ್ಟೆ. ಬೋಗಿಯ ಗಾಲಿಗಳಿಂದಲೂ ಹೀಗೆಯೇ ವಿದ್ಯುತ್ತನ್ನು ಎತ್ತಿ ಒಂದು ಎಲ್.ಇ.ಡಿ. ದೀಪಕ್ಕೆ ಕೊಟ್ಟರೆ ಏನಾಗುತ್ತದೆ? ಮುಂದೆ ಓದುವ ಮೊದಲು ನೀವೇ ಒಂದು ನಿಮಿಷ ಯೋಚಿಸಿ.

ಮೊದಲನೆಯದಾಗಿ, ರೈಲು ಮುಂದಕ್ಕೆ ಓಡುವಾಗ ಹೊತ್ತಿದ ದೀಪ ಹಿಂದಕ್ಕೆ ಓಡುವಾಗ ಆರುತ್ತದೆ. ಎಲ್.ಇ.ಡಿ.ಯು ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಹರಿಯಬಿಡುತ್ತದೆ. ಸೈಕಲ್ ಟ್ಯೂಬಿನ ವಾಲ್ವು ಗಾಳಿಯನ್ನು ಒಳಗೆ ಬಿಟ್ಟು ಹೊರಗೆ ಬಿಡದಿರುವ ಹಾಗೆ. ಇದಕ್ಕೆ ಪರಿಹಾರ ಸುಲಭ. ನಾಲ್ಕು ಡಯೋಡುಗಳನ್ನು ಚೌಕಾಕಾರದಲ್ಲಿ ಜೋಡಿಸಿದ ‘ಬ್ರಿಜ್ ರೆಕ್ಟಿಫೈಯರ್’ ಎಂಬ ಪುಟ್ಟ ಬಿಲ್ಲೆ ಸಿಗುತ್ತದೆ. ಒಳಗೆ ಬರುವ ವಿದ್ಯುತ್ತು ಯಾವ ದಿಕ್ಕಿನದಾದರೂ ಹೊರಗೆ ಹೋಗುವುದು ಒಂದೇ ದಿಕ್ಕಿನಲ್ಲಿ.

ಎರಡನೆಯದು, ಮಿಣುಕಾಟ. ಹಳಿಯ ಮೇಲೆ ಚೂರು ಧೂಳಿದ್ದರೂ ಗಾಲಿಗೆ ವಿದ್ಯುತ್ತು ತಪ್ಪಿಹೋಗುತ್ತದೆ. ಮೋಟಾರು ತಿರುಗುವ ಭರದಲ್ಲಿ ಅದನ್ನು ದಾಟಿಬಿಡುತ್ತದೆ. ದೀಪಕ್ಕೆ ಆ ಭರವಿಲ್ಲ, ಪಕ್ಕನೆ ಆರಿ ಹೊತ್ತುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ರೈಲು ನಿಲ್ಲಬೇಕಾದರೆ ಹಳಿಯ ವೋಲ್ಟೇಜು ಸೊನ್ನೆಯಾಗಬೇಕು. ಹಳಿಯಲ್ಲಿ ಏನೂ ಇಲ್ಲವೆಂದಮೇಲೆ ದೀಪಕ್ಕೂ ಏನೂ ಇಲ್ಲ!

ಅಪ್ಪನ ಮಂಚದ ಮುಂದೆ ಹಳಿ ಹಾಕಿ, ಕೋಣೆಯ ದೀಪ ಆರಿಸಿ, ರೈಲು ಬಿಟ್ಟೆವು. ಎರಡು ಸುತ್ತು ಓಡಿತು. ಅಪ್ಪ ತಲೆಯೆತ್ತಿ ನೋಡುತ್ತಿದ್ದರು. ರಟ್ಟಿನ ನಿಲ್ದಾಣದ ಬಳಿ ಬರುತ್ತಿದ್ದಂತೆ ಹುಡುಗಿ ಗುಂಡಿ ತಿರುಗಿಸಿದಳು. ವೇಗ ಇಳಿಯಿತು, ಬೆಳಕೂ ಇಳಿಯಿತು. ರೈಲು ನಿಂತಿತು, ಕಿಟಕಿಗಳೆಲ್ಲ ಕಪ್ಪಾದವು.

“ಇದೇನ್ಲಾ?” ಎಂದರು ಅಪ್ಪ. “ನಿಂತ ತಕ್ಷಣ ಆರೋಯ್ತು? ಜನ ಹತ್ತೋದು ಇಳಿಯೋದು ನಿಂತಾಗಲೇ ಅಲ್ವಾ? ನಿಂತಾಗ ಉರೀದೆ ಇದ್ರೆ ಅದು ರೈಲಿನ ದೀಪಾನೇ ಅಲ್ಲ.”

ಎಷ್ಟೋ ತಿಂಗಳ ಮೇಲೆ ಅವರು ಆಡಿದ ಉದ್ದನೆಯ ಮಾತು ಅದು. ಹುಡುಗಿಗೆ ಮಾತ್ರ ಮುಖ ಚಿಕ್ಕದಾಯಿತು. “ಹಂಗಾದ್ರೆ ನಿನ್ನ ರೈಲಲ್ಲಿ ಹೆಂಗೆ ಉರೀತಿತ್ತು ತಾತ, ನೀನೇ ಹೇಳು” ಎಂದು ಅವರ ಪಕ್ಕ ಕೂತುಬಿಟ್ಟಳು. ಅಪ್ಪ ಹೇಳಿದರು. ಆ ರಾತ್ರಿ ಊಟ ತಡವಾಯಿತು.

ಅವರು ಹೇಳಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ಬೆಂಗಳೂರು-ತುಮಕೂರು ರೈಲುದಾರಿ ತೆರೆದದ್ದು 1884ರಲ್ಲಿ. ಆ ಕಾಲದಲ್ಲಿ ರೈಲುಗಳಲ್ಲಿ ಸಾಮಾನ್ಯವಾಗಿ ಉರಿಯುತ್ತಿದ್ದುದು ಎಣ್ಣೆಯ ದೀಪ. ಅದಕ್ಕೆ ಮೂರು ವರ್ಷ ಮೊದಲು, 1881ರಲ್ಲಿ, ಇಂಗ್ಲೆಂಡಿನ ಲಂಡನ್ ಮತ್ತು ಬ್ರೈಟನ್ ನಡುವಿನ ರೈಲಿನಲ್ಲಿ ಒಂದು ಬೋಗಿಗೆ ವಿದ್ಯುತ್ ದೀಪ ಹಾಕಿ ನೋಡಿದ್ದರು. ಆ ಬೋಗಿಯಲ್ಲಿ ಬ್ಯಾಟರಿ ಮಾತ್ರ ಇತ್ತು. ಖಾಲಿಯಾದರೆ ನಿಲ್ದಾಣದಲ್ಲಿ ಮತ್ತೆ ತುಂಬಿಸಬೇಕಿತ್ತು. ದೂರದ ಪ್ರಯಾಣಕ್ಕೆ ಇದು ಕಷ್ಟ. ಹಾಗಾದರೆ ಓಡುವ ಗಾಲಿಯಿಂದಲೇ ವಿದ್ಯುತ್ತು ತಯಾರಿಸಿದರೆ? ನಿಮ್ಮ ಮನೆಯ ಹಿರಿಯರ ಸೈಕಲ್ಲಿಗೆ ಡೈನಮೋ ಇತ್ತೇ ಎಂದು ಕೇಳಿ ನೋಡಿ. ಗಾಲಿಗೆ ತಾಗಿಕೊಂಡು ತಿರುಗುವ ಆ ಪುಟ್ಟ ಯಂತ್ರ ದೀಪ ಹೊತ್ತಿಸುತ್ತಿತ್ತು. ಸೈಕಲ್ ನಿಂತರೆ ದೀಪವೂ ಆರುತ್ತಿತ್ತು. ನಮ್ಮ ಆಟದ ರೈಲಿಗೂ ಅದೇ ರೋಗ!

1890ರ ದಶಕದಲ್ಲಿ ಲಂಡನ್ನಿನ ಜೆ. ಸ್ಟೋನ್ ಕಂಪನಿ ಎರಡನ್ನೂ ಕೂಡಿಸಿತು. ಡೈನಮೋವನ್ನು ಬೋಗಿಯ ಅಡಿಗೆ ತೂಗುಹಾಕಿ, ಗಾಲಿಯ ಅಚ್ಚಿನಿಂದ ಬೆಲ್ಟಿನ ಮೂಲಕ ತಿರುಗಿಸಿ, ಜೊತೆಗೆ ಬ್ಯಾಟರಿ ಇಟ್ಟಿತು. ಓಡುವಾಗ ಡೈನಮೋ ದೀಪಕ್ಕೂ ಕೊಡುತ್ತದೆ, ಬ್ಯಾಟರಿಗೂ ತುಂಬುತ್ತದೆ. ನಿಂತಾಗ ಬ್ಯಾಟರಿ ಕೊಡುತ್ತದೆ. ನಿಮ್ಮ ಮನೆಯ ನೀರಿನ ತೊಟ್ಟಿಯನ್ನು ನೆನೆಸಿಕೊಳ್ಳಿ. ನಲ್ಲಿಯಲ್ಲಿ ನೀರು ಬಂದಾಗ ತುಂಬಿಕೊಳ್ಳುತ್ತೇವೆ, ಬರದಾಗ ಅದರಿಂದ ತೋಡಿಕೊಳ್ಳುತ್ತೇವೆ. ಇದೂ ಅಷ್ಟೇ.

ಅಪ್ಪ ಕೆಲಸಕ್ಕೆ ಸೇರಿದಾಗ ನಮ್ಮ ಕಡೆ ಮೀಟರ್ ಗೇಜ್ ಹಳಿ. ಬೋಗಿಗಳ ದೀಪ 24 ವೋಲ್ಟಿನದು. 1990ರ ದಶಕದಲ್ಲಿ ಈ ದಾರಿ ಬ್ರಾಡ್ ಗೇಜ್ ಆಯಿತು, ಆಮೇಲೆ ಅವರು ನೋಡಿಕೊಂಡದ್ದು 110 ವೋಲ್ಟಿನ ಬೋಗಿಗಳನ್ನು. ಡೈನಮೋದ ಜಾಗಕ್ಕೆ ಆಲ್ಟರ್ನೇಟರ್ ಬಂದಿತ್ತು. ಕಾರಿನ ಬ್ಯಾಟರಿಯಂತೆ ಸೀಸ ಮತ್ತು ಆಮ್ಲದ ಕೋಶಗಳು. ಒಂದೊಂದರದು 2 ವೋಲ್ಟ್. 110 ವೋಲ್ಟಿಗೆ ಎಷ್ಟು ಕೋಶ ಬೇಕೆಂದು ಲೆಕ್ಕ ಹಾಕಿ! ಅಷ್ಟನ್ನೂ ಬೋಗಿಯ ಹೊಟ್ಟೆಯಡಿಯ ಪೆಟ್ಟಿಗೆಗಳಲ್ಲಿ ಇಡುತ್ತಿದ್ದರು. ಒಂದೊಂದಕ್ಕೂ ಬಟ್ಟಿ ಇಳಿಸಿದ ನೀರು ಹಾಕುವುದು, ಆಮ್ಲ ಎಷ್ಟು ಗಟ್ಟಿಯಿದೆ ಎಂದು ಹೈಡ್ರೋಮೀಟರಿನಲ್ಲಿ ನೋಡುವುದು, ಬೆಲ್ಟಿನ ಬಿಗಿ ಪರೀಕ್ಷಿಸುವುದು ಅಪ್ಪನಂಥವರ ಕೆಲಸ. ದಾರಿಯಲ್ಲಿ ಬೆಲ್ಟು ಹರಿದುಬಿದ್ದರೆ ಯಾರಿಗೂ ತಕ್ಷಣ ಗೊತ್ತಾಗುತ್ತಿರಲಿಲ್ಲವಂತೆ. ಬ್ಯಾಟರಿ ಇದೆಯಲ್ಲ, ದೀಪ ಉರಿಯುತ್ತಲೇ ಇರುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ನಿಧಾನವಾಗಿ ಹಳದಿ ಕೆಂಪಗಾಗುತ್ತಿತ್ತು. “ಬೀಡಿ ಕೆಂಡದ ಹಂಗೆ” ಎಂದರು ಅಪ್ಪ. ಅದು ಹಳೆಯ ತಂತಿಯ ಬಲ್ಬಿನ ಗುಣ. ತಂತಿ ಹೆಚ್ಚು ಕಾದರೆ ಬಿಳಿಯ ಕಡೆಗೆ, ಕಡಿಮೆ ಕಾದರೆ ಕೆಂಪಿನ ಕಡೆಗೆ. ಎಲ್.ಇ.ಡಿ. ಕಾದು ಬೆಳಗುವ ದೀಪವಲ್ಲ. ಹಾಗಾಗಿ ವಿದ್ಯುತ್ತು ಕಡಿಮೆಯಾದರೆ ಅದು ಮಂಕಾಗುತ್ತದೆಯೇ ಹೊರತು ಕೆಂಪಾಗುವುದಿಲ್ಲ.

ಈಗ ನಮ್ಮ ಬೋಗಿಗೆ ಬರೋಣ. ಮಿಣುಕಾಟಕ್ಕೆ ಒಂದು ಮದ್ದು ಕೆಪಾಸಿಟರ್. ಇದೂ ಒಂದು ತೊಟ್ಟಿಯೇ, ಆದರೆ ತುಂಬ ಚಿಕ್ಕದು. ಲೋಟ ಎನ್ನಬಹುದು. 1000 ಮೈಕ್ರೋಫ್ಯಾರಡ್, 25 ವೋಲ್ಟ್ ಎಂದು ಬರೆದಿರುವ ಒಂದನ್ನು ರೆಕ್ಟಿಫೈಯರಿನ ಮುಂದೆ ಜೋಡಿಸಿದೆವು. ಮಿಣುಕಾಟ ಮಾಯವಾಯಿತು. ರೈಲು ನಿಂತ ಮೇಲೂ ಒಂದೇ ಎಲ್.ಇ.ಡಿ. ಇದ್ದಾಗ ಕೆಲವು ಸೆಕೆಂಡು ಬೆಳಕು ಉಳಿಯಿತು. ನಾಲ್ಕು ಎಲ್.ಇ.ಡಿ. ಹಾಕಿದಾಗ ಒಂದೆರಡು ಸೆಕೆಂಡಿಗೆ ಮಂಕು. ಲೋಟ ಅದೇ, ಕುಡಿಯುವವರು ನಾಲ್ವರು! ರೈಲು ನಿಲ್ದಾಣದಲ್ಲಿ ಒಂದೆರಡು ನಿಮಿಷವಾದರೂ ನಿಲ್ಲುತ್ತದಲ್ಲ. ಅಪ್ಪ ತಲೆಯಾಡಿಸಲಿಲ್ಲ.

“ಬ್ಯಾಟರಿ ಎಲ್ಲಿ?” ಎಂದಷ್ಟೇ ಕೇಳಿದರು.

ಬೋಗಿಯೊಳಗೆ ಬ್ಯಾಟರಿ ಇಟ್ಟರೆ ಕಿಟಕಿಯಿಂದ ಕಾಣುತ್ತದೆ, ಚೆನ್ನಾಗಿರುವುದಿಲ್ಲ. ಟಿ.ವಿ. ರಿಮೋಟಿಗೆ ಹಾಕುವ ಸಣ್ಣ ಸೆಲ್ಲನ್ನು ಹುಡುಗಿ ಅಳತೆಪಟ್ಟಿಯಲ್ಲಿ ಅಳೆದಳು. ದಪ್ಪ ಹತ್ತೂವರೆ ಮಿ.ಮೀ. ಮೂರು ಸೆಲ್ಲನ್ನು ಪಕ್ಕಪಕ್ಕ ಮಲಗಿಸಿದರೆ ಮೂವತ್ತೊಂದೂವರೆ. ಬೋಗಿಯ ಅಗಲ 37! ಬೋಗಿಯ ಅಡಿಯಲ್ಲಿ, ಎರಡು ಕಡೆಯ ಗಾಲಿಗಳ ನಡುವೆ, ಹಳಿಗೆ ತಾಗದಂತೆ ಸರಿಯಾಗಿ ಕೂತವು. ನಿಜವಾದ ಬೋಗಿಯಲ್ಲಿ ಬ್ಯಾಟರಿ ಪೆಟ್ಟಿಗೆ ಇರುವ ಜಾಗವೂ ಅದೇ. ಸುತ್ತ ರಟ್ಟಿನ ಪೆಟ್ಟಿಗೆ ಮಾಡಿ ಕಪ್ಪು ಬಣ್ಣ ಬಳಿದೆವು. ಭಾರ ಕೆಳಗಿರುವುದರಿಂದ ಬೋಗಿ ತಿರುವಿನಲ್ಲಿ ಓಲಾಡುವುದೂ ನಿಂತಿತು. ಅಟ್ಟದಿಂದ ಇಳಿಸಿದ್ದರಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಗಳಿಗೆ ಅದು.

ನೀವೂ ಮಾಡುವುದಾದರೆ ಲೆಕ್ಕ ಹೀಗೆ. ಮೂರು ಸೆಲ್ಲು ಸೇರಿ 4.5 ವೋಲ್ಟ್. ಬಿಳಿ ಎಲ್.ಇ.ಡಿ.ಗೆ ಬೇಕಾದದ್ದು ಸುಮಾರು 3 ವೋಲ್ಟ್. ಉಳಿದ 1.5 ವೋಲ್ಟನ್ನು ಒಂದು ರೋಧಕ, ಅಂದರೆ ರೆಸಿಸ್ಟರ್, ಹೊರಬೇಕು. ಬೋಗಿಯೊಳಗಿನ ಬೆಳಕಿಗೆ 5 ಮಿಲಿಆಂಪಿಯರ್, ಅಂದರೆ 0.005 ಆಂಪಿಯರ್ ಧಾರಾಳ. 1.5ನ್ನು 0.005ರಿಂದ ಭಾಗಿಸಿದರೆ 300 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 330 ಓಮ್, ಅದೇ ಸಾಕು. ಪ್ರತಿ ಎಲ್.ಇ.ಡಿ.ಗೂ ಬೇರೆಬೇರೆ ರೋಧಕ ಹಾಕಿ. ನಾವು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದೆವು. ಕೆಟ್ಟ ಟಾರ್ಚು, ಹಳೆಯ ಸೀರಿಯಲ್ ಸೆಟ್ಟುಗಳಿಂದ ಬಿಚ್ಚಿದ ಎಲ್.ಇ.ಡಿ.ಯೂ ಆಗುತ್ತದೆ. ಎರಡು ಎಚ್ಚರಿಕೆ: ಮನೆಯ ಗೋಡೆಯ ಪ್ಲಗ್ಗಿನ ಕರೆಂಟಿಗೆ ಇದ್ಯಾವುದನ್ನೂ ಸೇರಿಸಬಾರದು. ಗುಂಡಿಯಾಕಾರದ ಚಪ್ಪಟೆ ಸೆಲ್ಲುಗಳನ್ನು ಪುಟ್ಟ ಮಕ್ಕಳಿರುವ ಮನೆಯಲ್ಲಿ ಬಳಸಲೇಬೇಡಿ, ನುಂಗಿದರೆ ಪ್ರಾಣಕ್ಕೇ ಅಪಾಯ.

ದೀಪವೇನೋ ಈಗ ಸದಾ ಉರಿಯುತ್ತದೆ. ಆದರೆ ಬೇಕೆಂದಾಗ ಹೊತ್ತಿಸಿ ಬೇಡವೆಂದಾಗ ಆರಿಸುವುದು ಹೇಗೆ? ಗುಂಡಿ ಇಟ್ಟರೆ ಪ್ರತಿ ಸಲ ಬೋಗಿಯನ್ನು ಎತ್ತಿ ಮಗುಚಬೇಕು. ಇದಕ್ಕೆ ಸೊಗಸಾದ ಉಪಾಯವೊಂದಿದೆ, ರೀಡ್ ಸ್ವಿಚ್. ಬೆಂಕಿಕಡ್ಡಿಗಿಂತ ಚಿಕ್ಕದಾದ ಗಾಜಿನ ಕೊಳವೆಯಲ್ಲಿ ಎರಡು ತೆಳು ಲೋಹದ ಪಟ್ಟಿಗಳು ಕೂದಲೆಳೆಯಷ್ಟು ಅಂತರದಲ್ಲಿ ಇರುತ್ತವೆ. ಹತ್ತಿರ ಅಯಸ್ಕಾಂತ ತಂದರೆ ಎರಡೂ ಕಾಂತತ್ವ ಪಡೆದು ಒಂದನ್ನೊಂದು ಸೆಳೆದು ಅಂಟಿಕೊಳ್ಳುತ್ತವೆ. ಮಂಡಲ ಪೂರ್ಣವಾಗುತ್ತದೆ. ಅಯಸ್ಕಾಂತ ದೂರ ಸರಿದರೆ ಪಟ್ಟಿಗಳೂ ದೂರ. ಈ ಕೊಳವೆಯನ್ನು ಛಾವಣಿಯ ಒಳಬದಿಗೆ ಅಂಟಿಸಿದೆವು. ಕಾಂತಕ್ಷೇತ್ರಕ್ಕೆ ರಟ್ಟು ಅಡ್ಡಿಯಲ್ಲ. ಬೋಗಿಯ ಮೇಲೆ ಗಾಳಿ ಹೋಗಲು ಟೋಪಿಯಂಥ ಕಿಂಡಿಗಳಿರುತ್ತವಲ್ಲ, ಅಂಥದೊಂದನ್ನು ಕಾಗದದಲ್ಲಿ ಮಾಡಿ ಅದರೊಳಗೆ ಚೂರು ಅಯಸ್ಕಾಂತ ಅಡಗಿಸಿದಳು ಹುಡುಗಿ. ಟೋಪಿ ಇಟ್ಟರೆ ದೀಪ ಹೊತ್ತಿತು, ತೆಗೆದರೆ ಆರಿತು. ನೆಂಟರ ಮಕ್ಕಳಿಗೆ ಇದು ಮಾಟದಂತೆ ಕಾಣುತ್ತದೆ. ಅವಳು ಗುಟ್ಟು ಬಿಟ್ಟುಕೊಡುವುದಿಲ್ಲ.

ಬೆಳಕಿನ ಬಣ್ಣಕ್ಕೂ ತಾತನ ಒಪ್ಪಿಗೆ ಬೇಕಿತ್ತು. ಬಿಳಿ ಎಲ್.ಇ.ಡಿ.ಯನ್ನು ನೋಡಿ “ಆಸ್ಪತ್ರೆ ಇದ್ದಂಗಿದೆ” ಎಂದರು. ಮಿಠಾಯಿ ಸುತ್ತಿದ ಹಳದಿ ಗಾಜುಕಾಗದವನ್ನು ಎಲ್.ಇ.ಡಿ.ಗಳಿಗೆ ಸುತ್ತಿ, ಕೆಳಗೆ ಬೆಣ್ಣೆಕಾಗದದ ಒಂದು ಪಟ್ಟಿ ಕಟ್ಟಿದೆವು. ನಾಲ್ಕು ಚುಕ್ಕಿಗಳಾಗಿದ್ದ ಬೆಳಕು ಬೋಗಿಯೆಲ್ಲ ಹರಡಿತು.

ಅಪ್ಪನ ಮುಂದೆ ಮತ್ತೆ ರೈಲು ಬಿಟ್ಟ ಸಂಜೆ ಅರ್ಧ ದಾರಿಯಲ್ಲಿ ಕರೆಂಟು ಹೋಯಿತು. ಹಳಿಯಲ್ಲಿ ವಿದ್ಯುತ್ತಿಲ್ಲ, ಎಂಜಿನ್ ನಿಂತಿತು. ಫ್ಯಾನು ನಿಂತಿತು. ಬೀದಿಯೂ ಕತ್ತಲು. ಆ ಕತ್ತಲಲ್ಲಿ ನೆಲದ ಮೇಲೆ ಗೇಣುದ್ದದ ಬೋಗಿಯೊಂದು ಎಲ್ಲ ಕಿಟಕಿಗಳನ್ನೂ ಬೆಳಗಿಸಿಕೊಂಡು ನಿಂತಿತ್ತು. ಮೇಣದಬತ್ತಿ ತರಲು ಎದ್ದ ಅತ್ತಿಗೆಯನ್ನು ಅಪ್ಪ ತಡೆದರು. “ಇರ್ಲಿ ಬಿಡಮ್ಮ, ಸ್ವಲ್ಪ ಹೊತ್ತು.”

ದೊಡ್ಡ ರೈಲುಗಳು ಇಂದು ಬೇರೆ ದಾರಿಯನ್ನೂ ಹಿಡಿದಿವೆ. ಹೊಸ ಮಾದರಿಯ ಬೋಗಿಗಳ ಅನೇಕ ರೈಲುಗಳಲ್ಲಿ ಎಂಜಿನ್ನು ಮೇಲಿನ 25,000 ವೋಲ್ಟಿನ ತಂತಿಯಿಂದ ಪಡೆದ ವಿದ್ಯುತ್ತನ್ನು 750 ವೋಲ್ಟಿಗೆ ಇಳಿಸಿ ಇಡೀ ರೈಲಿಗೆ ಹಂಚುತ್ತದೆ. ಅಂದರೆ ಕೂಡಿಡುವ ಬದಲು ಪೂರೈಕೆಯೇ ನಿಲ್ಲದಂತೆ ನೋಡಿಕೊಳ್ಳುವುದು. ಆದರೂ ತುರ್ತಿನ ದೀಪಗಳಿಗೆಂದು ಬೋಗಿಯಲ್ಲಿ ಬ್ಯಾಟರಿ ಇದ್ದೇ ಇರುತ್ತದೆ. ತಮಾಷೆಯೆಂದರೆ ಆಟದ ರೈಲುಗಳೂ ಇದೇ ದಾರಿ ಹಿಡಿದವು. 1990ರ ದಶಕದಲ್ಲಿ ಬಳಕೆಗೆ ಬಂದ ಡಿಜಿಟಲ್ ವಿಧಾನದಲ್ಲಿ ಹಳಿಯಲ್ಲಿ ಸದಾ ಪೂರ್ತಿ ವೋಲ್ಟೇಜು ಇರುತ್ತದೆ. ಓಡು, ನಿಲ್ಲು, ದೀಪ ಹೊತ್ತಿಸು ಎಂಬ ಆಜ್ಞೆಗಳು ಅದೇ ಹಳಿಯಲ್ಲಿ ಸಂಕೇತಗಳಾಗಿ ಹೋಗುತ್ತವೆ. ಎಂಜಿನ್ನಿಗೆ ಒಂದು ಸಂಖ್ಯೆ, ಬೋಗಿಗೊಂದು ಸಂಖ್ಯೆ. ತನ್ನ ಸಂಖ್ಯೆಯನ್ನು ಕರೆದಾಗ ಮಾತ್ರ ಅದು ಕೇಳುತ್ತದೆ, ನಿಮ್ಮ ತರಗತಿಯ ಹಾಜರಿಯಂತೆ. ಬೆಲೆ ಮಾತ್ರ ನಮ್ಮಂಥವರಿಗೆ ಹೆಚ್ಚು. ನನಗಂತೂ ಹೊಟ್ಟೆಯಡಿ ಬ್ಯಾಟರಿ ಹೊತ್ತ ಬೋಗಿಯೇ ಇಷ್ಟ.

ಹುಡುಗಿಗೆ ಈಗ ಹೊಸ ಹಂಬಲ. ಸೆಲ್ಲು ಖಾಲಿಯಾದರೆ ಕೊಳ್ಳಬೇಕಲ್ಲ, ಗಾಲಿಯಿಂದಲೇ ವಿದ್ಯುತ್ತು ಮಾಡಿದರೇನು? ಮುರಿದ ಆಟದ ಕಾರಿನ ಮೋಟಾರನ್ನು ಬೋಗಿಯ ಅಡಿಗೆ ಕಟ್ಟಿ, ಗಾಲಿಯ ಅಚ್ಚಿಗೂ ಮೋಟಾರಿಗೂ ರಬ್ಬರ್ ಬ್ಯಾಂಡಿನ ಬೆಲ್ಟು ಹಾಕಿದ್ದಾಳೆ. ವಿದ್ಯುತ್ತು ಕೊಟ್ಟರೆ ತಿರುಗುವ ಮೋಟಾರು, ನಾವೇ ತಿರುಗಿಸಿದರೆ ವಿದ್ಯುತ್ತು ಕೊಡುತ್ತದೆ. ಕೈಯಿಂದ ದಾರ ಸುತ್ತಿ ಜೋರಾಗಿ ಎಳೆದರೆ ಎಲ್.ಇ.ಡಿ. ಮಿಂಚುತ್ತದೆ. ಆದರೆ ಬೋಗಿಯ ಗಾಲಿ ಅಷ್ಟು ಜೋರಾಗಿ ತಿರುಗುವುದಿಲ್ಲ, 3 ವೋಲ್ಟ್ ಹುಟ್ಟುವುದೇ ಇಲ್ಲ. ಅಲ್ಲದೆ ಬೆಲ್ಟು ಹಾಕಿದ ಕೂಡಲೇ ಎಂಜಿನ್ನು ಏದುಸಿರು ಬಿಡುತ್ತದೆ. ಬೆಳಕಿನ ಶಕ್ತಿ ಬಿಟ್ಟಿ ಬರುವುದಿಲ್ಲ, ಅದನ್ನೂ ಎಂಜಿನ್ನೇ ಎಳೆಯಬೇಕು. ನಿಜವಾದ ರೈಲಿನಲ್ಲೂ ಹಾಗೆಯೇ. ರೈಲು ಒಂದಿಷ್ಟು ವೇಗ ಹಿಡಿದ ಮೇಲಷ್ಟೇ ಆಲ್ಟರ್ನೇಟರು ಕೊಡಲು ಶುರುಮಾಡುತ್ತದೆ, ಅಲ್ಲಿಯವರೆಗೆ ಬ್ಯಾಟರಿಯೇ ಗತಿ.

ಮೊನ್ನೆ ಅವಳು ಬೋಗಿಯನ್ನು ಮಗುಚಿ ಹಿಡಿದು ತಾತನ ಮುಂದೆ ಕೂತಿದ್ದಳು. ಅಪ್ಪ ಕನ್ನಡಕ ಸರಿಮಾಡಿಕೊಂಡು, ನಡುಗುವ ಹೆಬ್ಬೆರಳಿನಿಂದ ರಬ್ಬರ್ ಬ್ಯಾಂಡನ್ನು ಮಧ್ಯಕ್ಕೆ ಒತ್ತಿ ನೋಡಿದರು.

“ಸಡಿಲ ಐತೆ ಪುಟ್ಟಿ” ಎಂದರು. “ಬೆಲ್ಟು ಜಾರ್ತೈತೆ. ಮೋಟ್ರು ಚೂರು ಹಿಂದಕ್ಕೆ ಕಟ್ಟು.”